ಹೂಂ ಅಂದವಳು

ನನಗೆ ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ನಮ್ಮವ್ವ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಇದ್ದರೆ ಇರಲಿ. ಕೋಪದಿಂದ ನಾನು ಕೆಡಿಸಿದ ಕೆಲಸ ಬೆರಳೆಣಿಕೆಯಷ್ಟು. ದೊಡ್ಡದಾಗಿ ಕೆಡಿಸಿದ್ದು ಒಂದೇ ಒಂದು, ಅದು ನಾಚಿಕೆಯಿಂದ. ಕೇಳಿಸದೆ ಇದ್ದದ್ದನ್ನು ಕೇಳಿಸಲಿಲ್ಲ ಎಂದು ಹೇಳುವುದಕ್ಕೆ ನನಗೆ ನಾಚಿಕೆಯಾಯಿತು. ಅದರಿಂದ ದಾಸಪ್ಪ ಚಿಕ್ಕಪ್ಪನ ಕೆಲಸ ಹೋಯಿತು. ಐವತ್ತು ವರ್ಷ ಈ ಮಾತನ್ನು ಯಾರ ಮುಂದೆಯೂ ಆಡಿಲ್ಲ.

ಎಪ್ಪತ್ತಮೂರನೇ ಇಸವಿ. ನನಗೆ ಹತ್ತೊಂಬತ್ತು. ಶಂಕಗಿರಿಯಲ್ಲಿ ಒಂದು ಲಾರಿ ಆಫೀಸಿನಲ್ಲಿ ಫೋನಿನ ಪಕ್ಕ ಕೂರುವ ಕೆಲಸ. ಆ ಊರಿನಲ್ಲಿ ಮನುಷ್ಯರಿಗಿಂತ ಲಾರಿ ಹೆಚ್ಚು ಎಂದು ತಮಾಷೆ ಮಾಡುತ್ತಿದ್ದರು. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಕೋಟೆಯ ಬೆಟ್ಟ ಕಾಣುವ ಮೊದಲು ಯಾವುದಾದರೊಂದು ಲಾರಿಯ ಹಿಂಬದಿ ಕಾಣುತ್ತಿತ್ತು. ನನ್ನ ಊರು ನಲ್ಲಂಪಳ್ಳಿಯ ಹತ್ತಿರದ ಒಂದು ಹಳ್ಳಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ಕನ್ನಡ ಅಕ್ಷರ ನಾನು ಕಲಿತದ್ದು ಮದುವೆಯಾಗಿ ಬಹಳ ವರ್ಷಗಳ ಮೇಲೆ. ಎಸ್ಸೆಸ್ಸೆಲ್ಸಿ ಪಾಸಾದ ಹೆಣ್ಣು ನಮ್ಮ ಕೇರಿಯಲ್ಲಿ ನಾನೊಬ್ಬಳೇ. ಅದಕ್ಕೆ ತಲೆಯ ಮೇಲೆ ಎರಡು ಕೊಂಬು ಬಂದಿದ್ದವು, ಸುಳ್ಳು ಯಾಕೆ ಹೇಳಲಿ.

ಪಾಸಾದ ವರ್ಷವೇ ಅಪ್ಪ ನನ್ನನ್ನು ಸೋದರಮಾವ ಸಣ್ಣಯ್ಯನಿಗೆ ಕೊಡಬೇಕೆಂದಿದ್ದ. ಸಣ್ಣಯ್ಯನಿಗೆ ಎಂಬತ್ತು ಕುರಿ. ಕುರಿಗಳ ಮೇಲೆ ನನಗೆ ಯಾವ ದ್ವೇಷವೂ ಇರಲಿಲ್ಲ. ಆದರೆ ಸಣ್ಣಯ್ಯ ನನಗಿಂತ ಹದಿನೇಳು ವರ್ಷ ದೊಡ್ಡವನು, ಮೊದಲ ಹೆಂಡತಿಯನ್ನು ಹೊಡೆದು ತವರಿಗೆ ಓಡಿಸಿದವನು. ಆಗ ಅಡ್ಡ ನಿಂತವರು ದಾಸಪ್ಪ ಚಿಕ್ಕಪ್ಪ. ಅವರು ನಮಗೆ ರಕ್ತಸಂಬಂಧವೇನಲ್ಲ. ನಮ್ಮ ಊರಿನವರು, ಅಪ್ಪನ ಜೊತೆ ಬೆಳೆದವರು, ಶಂಕಗಿರಿಯ ಆ ಆಫೀಸಿನಲ್ಲೇ ಹದಿನಾರು ವರ್ಷದಿಂದ ಡ್ರೈವರು. ನಮ್ಮ ಜಗಲಿಯ ಮೇಲೆ ಕೂತು ಅಪ್ಪನಿಂದ ಒಂದು ಮಾತು ಪಡೆದುಕೊಂಡರು. ನನಗೆ ಕೆಲಸ ಇರುವ ತನಕ ಮದುವೆಯ ಸುದ್ದಿ ಎತ್ತಬಾರದು. ಅಪ್ಪ ಒಪ್ಪಿದ, ಆದರೆ ಕೆಲಸ ಹೋದ ದಿನವೇ ಮದುವೆಯ ವೀಳ್ಯ ಹಿಡಿಯುವುದು ಎಂದು ತನ್ನದೂ ಒಂದು ಮಾತು ಸೇರಿಸಿದ. ಅಪ್ಪ ಮಾತಿಗೆ ತಪ್ಪುವವನಲ್ಲ, ಎರಡು ಕಡೆಗೂ.

ಹಾಗೆ ನಾನು ಶಂಕಗಿರಿಗೆ ಬಂದೆ. ಉಳಿದದ್ದು ಚಿಕ್ಕಪ್ಪನ ಮನೆಯಲ್ಲೇ. ಅವರಿಗೂ ಅಂಕಮ್ಮ ಚಿಕ್ಕಮ್ಮನಿಗೂ ಮಕ್ಕಳಿರಲಿಲ್ಲ. ಅವರಿಬ್ಬರ ಮುದ್ದೆಯ ಮಡಕೆಯಲ್ಲಿ ನನ್ನದೂ ಒಂದು ಮುದ್ದೆ ಬೇಯುತ್ತಿತ್ತು.

ಆಫೀಸಿನ ಯಜಮಾನರು ಕುಪ್ಪುಸ್ವಾಮಿ. ಎಲ್ಲರೂ ಅವರನ್ನು ಮೊದಲಾಳಿ ಎಂದೇ ಕರೆಯುತ್ತಿದ್ದರು. ಕ್ಲೀನರ್ ಆಗಿ ಶುರು ಮಾಡಿ ಒಂಬತ್ತು ಲಾರಿ ಮಾಡಿದವರು, ಕೆಟ್ಟವರಲ್ಲ. ಅವರಿಗೆ ಇದ್ದದ್ದು ಒಂದೇ ಹುಚ್ಚು: ಬಾಯಿಮಾತನ್ನು ನಂಬಬಾರದು, ಬರೆದದ್ದನ್ನೇ ನಂಬಬೇಕು. ಫೋನಿನ ಪಕ್ಕ ಒಂದು ಉದ್ದನೆಯ ಪುಸ್ತಕ ಇಟ್ಟಿದ್ದರು. ಎಷ್ಟು ಗಂಟೆಗೆ, ಯಾರು, ಯಾವ ಊರಿಂದ, ಏನಂದರು ಎಂದು ಗೆರೆ ಎಳೆದ ನಾಲ್ಕು ಮನೆ. ಅವರು ಅಂದದ್ದನ್ನು ಅಂದ ಹಾಗೇ ಬರೆ, ನಿನ್ನ ಬುದ್ಧಿ ಸೇರಿಸಬೇಡ ಎಂದು ಮೊದಲ ದಿನವೇ ಹೇಳಿದ್ದರು. ದಿನಕ್ಕೆ ಮೂರು ಸಲ ಆ ಪುಸ್ತಕ ನೋಡಿ, ಅದರ ಮೇಲೆ ಲಾರಿ ನಡೆಸುತ್ತಿದ್ದರು.

ಆ ವಾರ ಈರೋಡಿನ ಒಬ್ಬ ವ್ಯಾಪಾರಿ ಟ್ರಂಕ್ ಕಾಲ್ ಮಾಡಿದ್ದ. ಲೈನಿನಲ್ಲಿ ಬರೀ ಕರಕರ. ನಾನು ಮೂರು ಸಲ ‘ಎನ್ನ ಸಾರ್, ಎನ್ನ ಸಾರ್’, ಏನು ಸಾರ್ ಎಂದೆ. ಅವನು ಮೊದಲಾಳಿಯನ್ನು ಫೋನಿಗೆ ಕರೆಸಿ, ಕಿವಿ ಇರುವವರನ್ನು ಯಾರನ್ನಾದರೂ ಕೂರಿಸಯ್ಯಾ ಎಂದನಂತೆ. ಮೊದಲಾಳಿ ಅದನ್ನು ನಾಲ್ಕು ಜನ ಡ್ರೈವರುಗಳ ಎದುರಿಗೇ ನನಗೆ ಹೇಳಿದರು. ಒಬ್ಬ ನಕ್ಕ. ಆ ಹಲ್ಲು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಇನ್ನು ಸತ್ತರೂ ಯಾರನ್ನೂ ಇನ್ನೊಂದು ಸಲ ಹೇಳಿ ಎಂದು ಕೇಳುವುದಿಲ್ಲ ಎಂದು ಅವತ್ತು ಶಪಥ ಮಾಡಿದೆ. ಶಪಥ ಮಾಡುವುದಕ್ಕೂ ಒಂದು ಯೋಗ್ಯತೆ ಬೇಕು.

ಶನಿವಾರ ಮಧ್ಯಾಹ್ನ ಹನ್ನೆರಡೂವರೆಗೆ ಫೋನು ಬಂತು. ಚಿಕ್ಕಪ್ಪ ಹಿಂದಿನ ದಿನ ಕೃಷ್ಣಗಿರಿಯಲ್ಲಿ ಮಾವಿನಹಣ್ಣು ತುಂಬಿಸಿಕೊಂಡು ಹೊರಟಿದ್ದರು. ತೊಪ್ಪೂರಿನ ಪೋಸ್ಟಾಫೀಸಿನಿಂದ ಮಾತಾಡುತ್ತಿದ್ದರು. ಹೊರಗೆ ನಮ್ಮದೇ ಒಂದು ಲಾರಿ ಸ್ಟಾರ್ಟ್ ಆಗಿ ಗುಡುಗುತ್ತಿತ್ತು, ಲೈನಿನಲ್ಲಿ ಬಾಣಲೆಗೆ ಸಾಸಿವೆ ಹಾಕಿದ ಹಾಗೆ ಚಟಪಟ. ಅವರು ಏನೋ ಹೇಳುತ್ತಿದ್ದರು. ನಾನು ಹೂಂ ಎಂದೆ. ಮತ್ತೇನೋ ಹೇಳಿದರು. ಹೂಂ ಎಂದೆ. ತೊಪ್ಪೂರು ಎಂಬುದು ಕೇಳಿಸಿತು, ಗಾಡಿ ಎಂಬುದು ಕೇಳಿಸಿತು. ಮಿಕ್ಕಿದ್ದೆಲ್ಲ ಗಾಳಿಗೆ ಹೋಯಿತು. ಅಜ್ಜಿ ಕಥೆ ಹೇಳುವಾಗ ನಿದ್ದೆಗಣ್ಣಿನಲ್ಲಿ ಹೂಂಗುಟ್ಟುತ್ತೇವಲ್ಲ, ಹಾಗೆ ಐದಾರು ಸಲ ಹೂಂ ಎಂದೆ. ಕೊನೆಗೆ ಹೊರಗಿನ ಲಾರಿ ಹೊರಟುಹೋಯಿತು, ಲೈನು ತಿಳಿಯಾಯಿತು. ಆಗ ಅವರ ದನಿ ಪಕ್ಕದಲ್ಲೇ ನಿಂತ ಹಾಗೆ ಕೇಳಿಸಿತು.

“ಆಯ್ತಾ ಮಗಾ? ಅಂಗಾರೆ ಬತ್ತೀನಿ.”

“ಹೂಂ, ಚಿಕ್ಕಪ್ಪ.”

ಫೋನು ಇಟ್ಟರು. ನಾನು ಪುಸ್ತಕ ತೆರೆದೆ. ಮೂರು ಮನೆ ಸರಾಗವಾಗಿ ತುಂಬಿದವು. ನಾಲ್ಕನೆಯದರ ಹತ್ತಿರ ಪೆನ್ನು ನಿಂತಿತು. ನಮ್ಮಲ್ಲಿ ಮನೆ ಬಿಟ್ಟು ಹೊರಡುವವರು ಯಾರೂ ಹೋಗುತ್ತೇನೆ ಅನ್ನುವುದಿಲ್ಲ. ಹೋಗುವುದು ಸತ್ತವರ ಕೆಲಸ. ಅಪ್ಪಿತಪ್ಪಿ ಅಂದರೆ ಅವ್ವ ಬಾಯಿಗೊಂದು ಬಿಡುತ್ತಿದ್ದಳು. ಹೊಲಕ್ಕೆ ಹೊರಟವನೂ ಬತ್ತೀನಿ, ಕೋರ್ಟಿಗೆ ಹೊರಟವನೂ ಬತ್ತೀನಿ. ತಮಿಳಿನವರೂ ಅದನ್ನೇ ವರೇನ್ ಅನ್ನುತ್ತಾರೆ. ಮೊದಲಾಳಿಯೇ ದಿನಾ ಸಂಜೆ ನಮಗೆ ವರೇನ್ ಎಂದು ಹೇಳಿ ಮನೆಗೆ ಹೋಗುತ್ತಿದ್ದರು. ಚಿಕ್ಕಪ್ಪ ಅಂದದ್ದು ಆ ಬತ್ತೀನಿಯೋ, ನಿಜವಾಗಿ ಲಾರಿ ತೆಗೆದುಕೊಂಡು ಬರುತ್ತಿರುವ ಬತ್ತೀನಿಯೋ? ಅನುಮಾನ ಬಂತು. ಬರಲಿಲ್ಲ ಎಂದು ಹೇಳಿದರೆ ನನ್ನ ನಾಲಿಗೆ ಸೇದಿಹೋಗಲಿ. ಆದರೆ ನಾಲ್ಕನೆಯ ಮನೆ ಖಾಲಿ ಬಿಟ್ಟರೆ ಕಿವಿಯಿಲ್ಲದವಳು ಎಂಬ ಮಾತು ಮತ್ತೆ ಬರುತ್ತದೆ. ಅಂದ ಹಾಗೇ ಬರೆ ಎಂದು ಹೇಳಿದ್ದಾರಲ್ಲ ಎಂದುಕೊಂಡು, ಶಾಲೆಯ ತಮಿಳಿನಲ್ಲಿ ಗುಂಡಗೆ ‘ವರುಗಿರೇನ್’ ಎಂದು ಬರೆದೆ. ಬರುತ್ತಿದ್ದೇನೆ ಎಂದು ಅರ್ಥ. ಕಾಗದದ ಮೇಲೆ ಇಳಿದ ಮೇಲೆ ಅದಕ್ಕೆ ಬೇರೆ ಅರ್ಥ ಇರಲಿಲ್ಲ.

ಮೊದಲಾಳಿ ನೋಡಿದರು, ತಲೆಯಾಡಿಸಿದರು. ಆ ಹಣ್ಣು ತರಿಸುತ್ತಿದ್ದ ಊರಿನ ವ್ಯಾಪಾರಿಗೆ ಆಳು ಕಳಿಸಿ, ಲಾರಿ ದಾರಿಯಲ್ಲಿದೆ, ನಾಳೆ ಮಾಲು ನಿಮ್ಮ ಮಂಡಿಯಲ್ಲಿರುತ್ತದೆ ಎಂದು ಮಾತು ಕೊಟ್ಟರು.

ಸಂಜೆ ಮನೆಗೆ ಬಂದು ಚಿಕ್ಕಮ್ಮನಿಗೆ ಚಿಕ್ಕಪ್ಪನ ಫೋನು ಬಂದಿತ್ತು ಎಂದೆ. ಹುರುಳಿ ಸಾರಿಗೆ ಕಾರ ಅರೆಯುತ್ತಿದ್ದವಳು ಏನಂದರು ಎಂದು ಕೇಳಿದಳು. ಬತ್ತೀನಿ ಅಂದರು ಎಂದೆ. ಅವಳು ಅರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

“ಪೋನ್ ಇಡ್ವಾಗ ಎಲ್ರೂ ಅಂಗೇ ಅಂತಾರೆ ಕಣವ್ವಾ. ಅದ್ಕೆ ಮುಂಚೆ ಏನಂದ್ರು?”

ಅಕ್ಷರ ಗೊತ್ತಿಲ್ಲದ ಹೆಂಗಸು, ಫೋನನ್ನು ಹುಟ್ಟಿದಾಗಿನಿಂದ ಮುಟ್ಟಿದವಳಲ್ಲ. ಒಂದೇ ಏಟಿಗೆ ಗಾಯದ ಮೇಲೆ ಬೆರಳಿಟ್ಟಳು. ನನಗೆ ಉರಿದುಹೋಯಿತು. ಆಫೀಸಿನ ವಿಷಯ ನಿನಗೇನು ಗೊತ್ತು, ಪುಸ್ತಕದಲ್ಲಿ ಬರೆದಾಗಿದೆ ಎಂದು ಒದರಿದೆ. ಪಾಪ, ಅವಳು ಗಂಡನಿಗೂ ಸೇರಿಸಿ ಅಡಿಗೆ ಮಾಡಿದಳು. ಮೊದಲಾಳಿಯ ಮನೆ ನಮ್ಮ ಬೀದಿಯಿಂದ ಎರಡನೆಯ ಬೀದಿ. ಹತ್ತು ನಿಮಿಷ ನಡೆದಿದ್ದರೆ ಸಾಕಿತ್ತು: ನನಗೆ ಸರಿಯಾಗಿ ಕೇಳಿಸಲಿಲ್ಲ, ಯಾರನ್ನಾದರೂ ತೊಪ್ಪೂರಿಗೆ ಕಳಿಸಿ. ಇಷ್ಟೇ ಮಾತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ನಾನು ಕೇಳಿರಲಿಲ್ಲವೆಂದಲ್ಲ. ಅಡಿಕೆ ಯಾವುದು, ಆನೆ ಯಾವುದು ಎಂಬುದು ಆಗ ತಿಳಿಯಲಿಲ್ಲ.

ಭಾನುವಾರ ಚಿಕ್ಕಪ್ಪ ಬರಲಿಲ್ಲ. ಹಣ್ಣಿನ ವ್ಯಾಪಾರಿ ಎರಡು ಸಲ ಮೊದಲಾಳಿಯ ಮನೆ ಬಾಗಿಲಿಗೆ ಬಂದು ಹೋದನಂತೆ. ಬರುತ್ತಿದ್ದಾನೆ, ಬರೆದಿದೆ ಎಂದೇ ಇವರು ಹೇಳಿದರಂತೆ.

ಸೋಮವಾರ ಬೆಳಿಗ್ಗೆ ಬೇರೆ ಆಫೀಸಿನ ಲಾರಿಯ ಡ್ರೈವರೊಬ್ಬ ಇಳಿದು ಬಂದು ಸುದ್ದಿ ಹೇಳಿದ. ತೊಪ್ಪೂರು ಕಣಿವೆಯಲ್ಲಿ ನಮ್ಮ ಲಾರಿಯ ಹಿಂದಿನ ಆಕ್ಸಲ್ ಮುರಿದು ನಿಂತಿದೆ. ಚಿಕ್ಕಪ್ಪ ಗಾಲಿಗೆ ಕಲ್ಲು ಕೊಟ್ಟು, ಲಾರಿಯ ಕೆಳಗಿನ ನೆರಳಿನಲ್ಲೇ ಎರಡು ದಿನ ಕೂತಿದ್ದಾರೆ. ಶನಿವಾರವೇ ದಾರಿಯಲ್ಲಿ ಹೋಗುವ ಲಾರಿಯವರು ನಿಲ್ಲಿಸಿ, ಆಫೀಸಿಗೆ ಸುದ್ದಿ ಮುಟ್ಟಿಸಬೇಕೇ ಎಂದು ಕೇಳಿದರಂತೆ. ಬೇಡ, ಆಫೀಸಿಗೆ ಹೇಳಿದ್ದೇನೆ, ನಮ್ಮ ಹುಡುಗಿ ಕೇಳಿಸಿಕೊಂಡಿದ್ದಾಳೆ, ಫಿಟ್ಟರು ಬರುತ್ತಾನೆ ಎಂದು ಅವರನ್ನೆಲ್ಲ ಕಳಿಸಿಬಿಟ್ಟರಂತೆ. ಭಾನುವಾರ ಸಂಜೆಯಾದ ಮೇಲೇ ಅವರಿಗೆ ಅನುಮಾನ ಬಂದದ್ದು.

ನಮ್ಮ ಹುಡುಗಿ ಕೇಳಿಸಿಕೊಂಡಿದ್ದಾಳೆ. ಆ ಡ್ರೈವರು ಹೇಳಿದ್ದರಲ್ಲಿ ಇದೊಂದು ಮಾತು ನನ್ನ ಎದೆಗೆ ಇಳಿದು ಅಲ್ಲೇ ಕೂತಿತು.

ಫಿಟ್ಟರ್ ಪಳನಿಸ್ವಾಮಿ ಹೋಗಿ ಆಕ್ಸಲ್ ಹಾಕಿದ. ಲಾರಿ ಬಂದಾಗ ಹಿಂಬಾಗಿಲ ಸಂದಿಯಿಂದ ಹಣ್ಣಿನ ರಸ ರಸ್ತೆಯುದ್ದಕ್ಕೂ ಸೋರುತ್ತಿತ್ತು, ನೊಣ ಮುತ್ತಿದ್ದವು. ವ್ಯಾಪಾರಿ ಮಾಲು ಇಳಿಸಿಕೊಳ್ಳಲಿಲ್ಲ. ಬೀದಿಯಲ್ಲಿ ನಿಂತು, ಕುಪ್ಪುಸ್ವಾಮಿಯ ಮಾತು ಕೊಳೆತ ಮಾವಿನ ಮಾತು ಎಂದು ಹೇಳಿ ಹೋದ. ಮೊದಲಾಳಿಗೆ ನಷ್ಟಕ್ಕಿಂತ ಅದು ಹೆಚ್ಚು ನೋಯಿಸಿತು.

ಮಂಗಳವಾರ ಬೆಳಿಗ್ಗೆ ಅವರು ಚಿಕ್ಕಪ್ಪನನ್ನು ಮೇಜಿನ ಮುಂದೆ ನಿಲ್ಲಿಸಿದರು. ಪುಸ್ತಕ ಬಿಚ್ಚಿ ಇಟ್ಟಿದ್ದರು. ನಾನು ಫೋನಿನ ಪಕ್ಕ ನನ್ನ ಕುರ್ಚಿಯಲ್ಲಿದ್ದೆ. ಪಳನಿಸ್ವಾಮಿ ಬಾಗಿಲಲ್ಲಿ ನಿಂತಿದ್ದ. ಮಾತೆಲ್ಲ ತಮಿಳಿನಲ್ಲೇ ನಡೆಯಿತು.

ವರೇನ್ ಎಂದು ಹೇಳಿದ್ದು ನಿಜವೋ ಎಂದು ಮೊದಲಾಳಿ ಕೇಳಿದರು. ಚಿಕ್ಕಪ್ಪ ನಿಜ ಎಂದರು. ಅಂದದ್ದನ್ನು ಅನ್ನಲಿಲ್ಲ ಎನ್ನುವ ಜನ ಅವರಲ್ಲ. ಹೋಗುವಾಗ ಎಲ್ಲರೂ ಹಾಗೇ ಅಲ್ಲವೇ ಸಾಮಿ ಅನ್ನುವುದು, ಅದಕ್ಕೆ ಮೊದಲು ಆಕ್ಸಲ್ ಮುರಿದಿದೆ, ಫಿಟ್ಟರನ್ನು ಕಳಿಸಿ ಎಂದು ಹೇಳಿದ್ದೇನೆ ಎಂದರು. ಮೊದಲಾಳಿಯ ಮುಖ ಸ್ವಲ್ಪ ಸಡಿಲವಾಯಿತು. ನನ್ನ ಕಡೆಗೆ ತಿರುಗಿ, ಆಕ್ಸಲ್ ಎಂದು ಇವನು ಹೇಳಿದನೇನಮ್ಮಾ ಎಂದು ಕೇಳಿದರು.

ನನ್ನ ಎದುರಿಗೆ ಎರಡು ಬಾಗಿಲು ಇದ್ದವು, ಎರಡೂ ತೆರೆದೇ ಇದ್ದವು. ನನಗೆ ಕಂಡದ್ದು ಸಣ್ಣಯ್ಯನ ಮುಖ.

“ಎನಕ್ಕು ಕೇಕ್ಕಲೆ,” ಎಂದೆ. ನನಗೆ ಕೇಳಿಸಲಿಲ್ಲ.

ಸುಳ್ಳಲ್ಲ. ಪ್ರತಿ ಅಕ್ಷರವೂ ನಿಜ. ನಿಜವನ್ನೇ ಹೇಳಿ ಇಷ್ಟು ದೊಡ್ಡ ಮೋಸ ಮಾಡಬಹುದು ಎಂದು ಅವತ್ತು ಕಲಿತೆ. ಅದನ್ನು ಕೇಳಿದವರಿಗೆ, ಅವನು ಹೇಳಲೇ ಇಲ್ಲ ಎಂದು ಅರ್ಥವಾಯಿತು. ಹಾಗೆ ಅರ್ಥವಾಗಲಿ ಎಂದೇ ನಾನು ಹೇಳಿದ್ದು.

ಮೊದಲಾಳಿ ಮತ್ತೆ ಚಿಕ್ಕಪ್ಪನ ಕಡೆ ತಿರುಗಿದರು. ಓದಿದ ಹುಡುಗಿ, ಕೇಳಿಸದಿದ್ದರೆ ಇನ್ನೊಂದು ಸಲ ಹೇಳಿ ಎಂದು ಕೇಳುತ್ತಿದ್ದಳು, ಕೇಳಿದಳೋ ಎಂದರು. ಇಲ್ಲ ಎಂದರು ಚಿಕ್ಕಪ್ಪ. ಹಾಗಾದರೆ ನೀನು ಆಕ್ಸಲ್ ಎಂದು ಹೇಳಿದಾಗ ಅವಳು ಏನಂದಳು ಎಂದು ಕೇಳಿದರು.

ಚಿಕ್ಕಪ್ಪ ಬಾಯಿ ತೆರೆದರು. ಹೂಂ ಅಂದಳು ಎಂಬ ಎರಡು ಮಾತು ಸಾಕಿತ್ತು. ಅವರ ಕೆಲಸ ಉಳಿಯುತ್ತಿತ್ತು, ನನ್ನದು ಹೋಗುತ್ತಿತ್ತು, ವಾರದೊಳಗೆ ನಮ್ಮ ಜಗಲಿಯ ಮೇಲೆ ವೀಳ್ಯ ಹಿಡಿಯುತ್ತಿದ್ದರು. ಅವರು ನನ್ನ ಕಡೆ ನೋಡಿದರು. ಬೈಯುವ ನೋಟವಲ್ಲ, ಕೇಳುವ ನೋಟವೂ ಅಲ್ಲ. ನಾನು ತಲೆ ತಗ್ಗಿಸಿ ಫೋನಿನ ವೈರು ನೋಡುತ್ತಾ ಕೂತೆ.

“ನಾನ್ ಸರಿಯಾ ಸೊಲ್ಲಲೆ, ಸಾಮಿ,” ಎಂದರು. ನಾನೇ ಸರಿಯಾಗಿ ಹೇಳಲಿಲ್ಲ.

ಅಲ್ಲಿಗೆ ಮುಗಿಯಿತು. ಹಾಳು ಹಣ್ಣಿಗೆ ಕ್ಷಮೆ ಇತ್ತೇನೋ, ಸುದ್ದಿ ಕೊಡದ ಡ್ರೈವರಿಗೆ ಆ ಊರಿನಲ್ಲಿ ಕ್ಷಮೆ ಇರಲಿಲ್ಲ. ಸಂಜೆಯೊಳಗೆ ಟೀ ಅಂಗಡಿಗಳಲ್ಲೆಲ್ಲ ಗೊತ್ತಾಯಿತು. ಆಮೇಲೆ ಯಾವ ಆಫೀಸಿನವರೂ ಅವರಿಗೆ ಲಾರಿ ಕೊಡಲಿಲ್ಲ. ತಿಂಗಳು ಕಳೆದ ಮೇಲೆ ಗಂಡ ಹೆಂಡತಿ ಮನೆ ಖಾಲಿ ಮಾಡಿಕೊಂಡು ಹೊಗೆನಕಲ್ ಕಡೆಗೆ, ಚಿಕ್ಕಮ್ಮನ ತಮ್ಮನ ಹತ್ತಿರ ಹೋದರು. ಅಲ್ಲಿ ಮೀನು ಹುರಿಯುವ ಅಂಗಡಿಯಲ್ಲಿ ಒಲೆಗೆ ಸೌದೆ ಸೀಳುತ್ತಿದ್ದರು ಎಂದು ಕೇಳಿದೆ. ಹದಿನಾರು ವರ್ಷ ಲಾರಿ ಓಡಿಸಿದ ಕೈ. ಚಿಕ್ಕಮ್ಮ ಹೊರಡುವ ದಿನದವರೆಗೂ ನನಗೆ ಮುದ್ದೆ ಇಕ್ಕಿದಳು, ಮಾತು ಮಾತ್ರ ಇಕ್ಕಲಿಲ್ಲ. ನಾನು ಆ ಕುರ್ಚಿಯಲ್ಲಿ ಇನ್ನೂ ಆರು ವರ್ಷ ಕೂತೆ. ಒಳ್ಳೆಯ ಕೆಲಸಗಾರ್ತಿ ಎಂದು ಹೆಸರು ಬಂತು. ಯಾರು ಎಷ್ಟು ಬೈದರೂ ಸರಿ, ತಿಳಿಯದ್ದನ್ನು ನಾಲ್ಕು ಸಲ ಕೇಳುತ್ತಿದ್ದೆ. ಅದರಿಂದ ಚಿಕ್ಕಪ್ಪನಿಗೇನೂ ಲಾಭವಾಗಲಿಲ್ಲ.

ಆದರೆ ಆ ಮಂಗಳವಾರ ಇನ್ನೂ ಒಂದು ಕೆಲಸ ಉಳಿದಿತ್ತು. ಅದನ್ನು ಹೇಳದೆ ಈ ಕಥೆ ಮುಗಿಸಿದರೆ ನಾನು ಮತ್ತೆ ಅರ್ಧ ನಿಜ ಹೇಳಿದ ಹಾಗಾಗುತ್ತದೆ.

ಮೊದಲಾಳಿ ಬಾಯಿಮಾತಿಗೆ ಬಿಡುವವರಲ್ಲವಲ್ಲ. ಕಾಗದ ತೆಗೆದುಕೋ ಎಂದರು. ಚಿಕ್ಕಪ್ಪನೇ ಹೇಳುವ ಹಾಗೆ, ‘ನಾನು’, ‘ತಪ್ಪು ನನ್ನದು’ ಎಂದು ಒಂದು ತಪ್ಪೊಪ್ಪಿಗೆಯನ್ನು ಮೊದಲಾಳಿಯೇ ತಮಿಳಿನಲ್ಲಿ ಹೇಳಿ ಬರೆಸಿದರು. ಬರೆದೆ. ಚಿಕ್ಕಪ್ಪನಿಗೆ ರುಜು ಬರುತ್ತಿರಲಿಲ್ಲ. ಓದು ಬಾರದವನ ಹೆಬ್ಬೆಟ್ಟು ಒತ್ತಿಸುವ ಮೊದಲು ಅವನ ಮನೆಮಾತಿನಲ್ಲಿ ಓದಿ ಹೇಳಬೇಕು, ಹೇಳಿದೆ ಎಂದು ಕೆಳಗೆ ಬರೆಯಬೇಕು, ಇಲ್ಲದಿದ್ದರೆ ಆ ಕಾಗದ ನಿಲ್ಲುವುದಿಲ್ಲ ಎಂಬುದನ್ನು ಮೊದಲಾಳಿ ರಿಜಿಸ್ಟ್ರಾರ್ ಆಫೀಸಿನಲ್ಲಿ ಕಲಿತಿದ್ದರು. ನಿಮ್ಮ ಮಾತಿನಲ್ಲಿ ಇವನಿಗೆ ಓದಿ ಹೇಳು ಎಂದು ನನಗೆ ಹೇಳಿದರು.

ಎದ್ದು ನಿಂತೆ. ಶನಿವಾರ ಆಕ್ಸಲ್ ಮುರಿದ ಸುದ್ದಿ ಆಫೀಸಿಗೆ ಸರಿಯಾಗಿ ಮುಟ್ಟಲಿಲ್ಲ ಎಂಬುದನ್ನು ಓದಿದೆ. ಅದರಿಂದ ಮಾಲು ಕೆಟ್ಟಿತು ಎಂಬುದನ್ನು ಓದಿದೆ. ಕೊನೆಯ ಸಾಲಿಗೆ ಬಂದಾಗ ತುಟಿ ಮಾತ್ರ ಆಡಿತು. ಸತ್ತಮಾ ಪಡಿ, ಗಟ್ಟಿಯಾಗಿ ಓದು ಎಂದರು ಮೊದಲಾಳಿ.

ನಾನು ಕಾಗದದಿಂದ ಕಣ್ಣೆತ್ತಿದೆ. ಚಿಕ್ಕಪ್ಪನ ಮುಖ ನೋಡಿದೆ. ಆ ದಿನ ಮೊದಲನೆಯ ಸಲ.

“ತಪ್ಪು ನಂದು,” ಎಂದೆ. “ಇದ್ರಾಗೆ ಬ್ಯಾರೆ ಯಾರ್ದೂ ತಪ್ಪಿಲ್ಲ. ತಪ್ಪು ನಂದೇ.”

ಎರಡನೆಯ ಸಲ ಅಂದದ್ದು ಕಾಗದದಲ್ಲಿ ಇರಲಿಲ್ಲ. ಮೊದಲಾಳಿಗೆ ಕನ್ನಡ ಅಷ್ಟು ಬರುತ್ತಿರಲಿಲ್ಲ. ಬಾಗಿಲಲ್ಲಿದ್ದ ಪಳನಿಸ್ವಾಮಿ, ಹುಡುಗಿ ಚೆನ್ನಾಗಿ ಓದುತ್ತಾಳೆ ಎನ್ನುವ ಹಾಗೆ ತಲೆದೂಗಿದ. ಐದು ನಿಮಿಷ ಮೊದಲು ಅದೇ ಕೋಣೆಯಲ್ಲಿ ಅದೇ ಮಾತನ್ನು ತಮಿಳಿನಲ್ಲಿ ಆಡಿದ್ದರೆ ಒಬ್ಬ ಮನುಷ್ಯ ಉಳಿಯುತ್ತಿದ್ದ. ಈಗ ಅದು ಅವರ ತಪ್ಪೊಪ್ಪಿಗೆಯ ಓದು ಆಗಿತ್ತು.

“ಕೇಳುಸ್ತು ಮಗಾ,” ಎಂದರು ಚಿಕ್ಕಪ್ಪ, ಮೆಲ್ಲಗೆ. “ಸಾಕು, ಬುಡು.”

ಎಡಗೈ ಹೆಬ್ಬೆಟ್ಟನ್ನು ತಾವೇ ಮಸಿಗೆ ಅದ್ದಿ, ನಾನು ತೋರಿಸಿದ ಜಾಗದಲ್ಲಿ ಒತ್ತಿದರು. ಮೊದಲಾಳಿ ಮಸಿ ಒರೆಸಿಕೊಳ್ಳಲು ಒಂದು ಬಟ್ಟೆ ಚೂರು ಕೊಟ್ಟರು. ನಾನು ಅದರ ಕೆಳಗೆ, ಓದಿ ಹೇಳಿದೆ, ಕೇಳಿ ಒಪ್ಪಿದರು ಎಂದು ಬರೆದು ನನ್ನ ರುಜು ಹಾಕಿದೆ.